ಪೈಥಾನ್ ತೆಗೆಯಲು ಹೋದರೆ ಡೆಸ್ಕ್‌ಟಾಪೇ ಹೋಗುತ್ತದಂತೆ!

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೇನೆ. ಡಿಸ್ಕ್‌ನಲ್ಲಿ ಜಾಗ ಸಾಲುತ್ತಿಲ್ಲ. ನಾನು ಪ್ರೋಗ್ರಾಮ್ ಬರೆಯುವವನಲ್ಲ, ಹಾಗಾಗಿ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ 3 ತೆಗೆದುಬಿಡೋಣ ಎಂದು ಹೊರಟೆ. ಅದರ ಜೊತೆ ಇನ್ನೂ ಎಷ್ಟೋ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಹೋಗುತ್ತವೆ ಎಂದು ಪರದೆ ತುಂಬಾ ಪಟ್ಟಿ ಬಂತು. ಹೆದರಿ ಬೇಡ ಎಂದೆ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ಇಡೀ ಸಿಸ್ಟಮ್‌ನ ಚಿತ್ರ ತೆಗೆದು ನೋಡಲು ಆಗುತ್ತಾ?

ಉತ್ತರ: ಬೇಡ ಎಂದಿದ್ದು ಒಳ್ಳೆಯದೇ ಆಯಿತು. 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ಆ್ಯಪ್ ಹಾಕಲು ಹೋಗಿ, ಇಂಥದ್ದೇ ಪಟ್ಟಿಯನ್ನು ದಾಟಿ ಮುಂದೆ ಹೋದರು. ಡೆಸ್ಕ್‌ಟಾಪೇ ಮಾಯವಾಯಿತು. ಆ ಪಟ್ಟಿ ಸುಮ್ನೆ ಬರುವುದಿಲ್ಲ.

ಇಡೀ ಸಿಸ್ಟಮ್‌ನ ಚಿತ್ರ ತೆಗೆಯಬಹುದು, ಆದರೆ ತೆಗೆಯಬೇಡಿ. ಉಬುಂಟು ಡೆಸ್ಕ್‌ಟಾಪ್ ಎಂದರೆ ಒಂದೂವರೆ ಎರಡು ಸಾವಿರ ಪ್ಯಾಕೇಜ್. ಎಲ್ಲಕ್ಕೂ ಗೆರೆ ಎಳೆದರೆ ಬೆಕ್ಕು ಆಡಿಬಿಟ್ಟ ನೂಲಿನ ಉಂಡೆ ಸಿಗುತ್ತದೆ ಅಷ್ಟೇ. ಒಂದು ಪ್ಯಾಕೇಜ್ ಹಿಡಿದು ನೋಡಿ.

ಅದಕ್ಕೆ ಎರಡು ಸಲಕರಣೆ ಬೇಕು: ಡೆಬ್‌ಟ್ರೀ ಮತ್ತು ಗ್ರಾಫ್‌ವಿಜ್. ಎರಡನ್ನೂ ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಆದೇಶವಾದ ಆಪ್ಟ್‌ನಿಂದಲೇ ಹಾಕಿಕೊಳ್ಳಬಹುದು. ಯಾವುದಕ್ಕೆ ಯಾವುದು ಬೇಕು ಎಂಬುದನ್ನು ಡೆಬ್‌ಟ್ರೀ ಅಕ್ಷರದಲ್ಲಿ ಬರೆದುಕೊಡುತ್ತದೆ. ಗ್ರಾಫ್‌ವಿಜ್‌ನ ಡಾಟ್ ಎಂಬ ಪ್ರೋಗ್ರಾಮ್ ಅದನ್ನು ಚಿತ್ರ ಮಾಡುತ್ತದೆ. ಮೊದಲು ವಿಡಿಯೊ ನೋಡುವ ವಿಎಲ್‌ಸಿಯಲ್ಲಿ ಕೈ ಪಳಗಿಸಿಕೊಳ್ಳಿ. ಟರ್ಮಿನಲ್‌ನಲ್ಲಿ ಡೆಬ್‌ಟ್ರೀ ಎಂದು ಟೈಪ್ ಮಾಡಿ, ಮುಂದೆ ವಿಎಲ್‌ಸಿ ಎಂದು ಹಾಕಿ, ಪೈಪ್ ಎಂಬ ನಿಂತ ಗೆರೆ (|) ಕೊಟ್ಟು ಡಾಟ್‌ಗೆ ಕಳಿಸಿ. ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ ಕೇಳಿ, ಏಕೆಂದರೆ ಬ್ರೌಸರ್‌ನಲ್ಲಿ ಎಷ್ಟು ದೊಡ್ಡದು ಮಾಡಿದರೂ ಅಕ್ಷರ ಮಸುಕಾಗುವುದಿಲ್ಲ.

ಚಿತ್ರದಲ್ಲಿ ಎಲ್ಲ ಬಾಣವೂ ಒಂದೇ ತೂಕದ್ದಲ್ಲ. ಡಿಪೆಂಡ್ಸ್ ಎಂದರೆ ಇಲ್ಲದಿದ್ದರೆ ನಡೆಯುವುದೇ ಇಲ್ಲ. ರೆಕಮೆಂಡ್ಸ್ ಎಂದರೆ ಇದ್ದರೆ ಚೆನ್ನ. ಆದರೂ ಆಪ್ಟ್ ಇವನ್ನು ತಾನಾಗಿಯೇ ಹಾಕಿಬಿಡುತ್ತದೆ. ಕೇಳದಿದ್ದ ಪ್ಯಾಕೇಜ್‌ಗಳು ಬಂದು ಕೂರಲು ಹೆಚ್ಚಾಗಿ ಇದೇ ಕಾರಣ. ಕೆಂಪು ಬಾಣ ಕಂಡರೆ ಅವೆರಡು ಒಟ್ಟಿಗೆ ಇರಲಾರವು ಎಂದರ್ಥ. ಇನ್ನೊಂದು ಮಾತು: ಲಿಬ್‌ಸಿ6 ತರಹ ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಮ್‌ಗಳಿಗೂ ಬೇಕಾದ ಪ್ಯಾಕೇಜ್‌ಗಳನ್ನು ಡೆಬ್‌ಟ್ರೀ ಬೇಕೆಂದೇ ಬಿಟ್ಟುಬಿಡುತ್ತದೆ. ಚಿತ್ರದಲ್ಲಿ ಕಾಣಲಿಲ್ಲ ಎಂದು ಅದನ್ನು ತೆಗೆಯಲು ಹೋಗಬೇಡಿ ಮತ್ತೆ!

ಈಗ ಪೈಥಾನ್ ವಿಷಯಕ್ಕೆ ಬರೋಣ. ಡೆಬ್‌ಟ್ರೀಗೆ ಪೈಥಾನ್ ಹೆಸರು ಕೊಟ್ಟರೆ ಚಿತ್ರ ಪುಟ್ಟದಾಗಿರುತ್ತದೆ, ಅಪಾಯವೇ ಇಲ್ಲ ಅನ್ನಿಸುತ್ತದೆ. ಅದು ತೋರಿಸುವುದು ಪೈಥಾನ್‌ಗೆ ಏನೇನು ಬೇಕು ಎಂದು. ನಿಮಗೆ ತಿಳಿಯಬೇಕಾದದ್ದು ಉಲ್ಟಾ: ಪೈಥಾನ್ ಯಾರ್ಯಾರಿಗೆ ಬೇಕು? ಜಾಸ್ತಿ ಜನ ಎಡವುವುದು ಇಲ್ಲೇ. ಇದಕ್ಕೆ ಚಿತ್ರಕ್ಕಿಂತ ಪಟ್ಟಿಯೇ ವಾಸಿ ಎಂದು ನನ್ನ ಅನುಭವ. ಆಪ್ಟ್-ಕ್ಯಾಶ್‌ನ ಆರ್‌ಡಿಪೆಂಡ್ಸ್ ಆದೇಶಕ್ಕೆ ಇನ್‌ಸ್ಟಾಲ್ಡ್ ಎಂಬ ಆಯ್ಕೆ ಸೇರಿಸಿ. ಆ ಆಯ್ಕೆ ಬಿಟ್ಟರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲದಿರುವುದೂ ಸೇರಿ ಉದ್ದದ ಮೆರವಣಿಗೆ ಹೊರಡುತ್ತದೆ. ಪಟ್ಟಿಯಲ್ಲಿ ಅಪ್‌ಡೇಟ್ ಮ್ಯಾನೇಜರ್ ಕಾಣುತ್ತದೆ ನೋಡಿ. ಉಬುಂಟುವಿನ ಇಂಥ ಎಷ್ಟೋ ಸಲಕರಣೆಗಳನ್ನು ಪೈಥಾನ್‌ನಲ್ಲೇ ಬರೆದಿದ್ದಾರೆ. ನೀವು ಪ್ರೋಗ್ರಾಮ್ ಬರೆಯದಿದ್ದರೂ ಅವಕ್ಕೆ ಪೈಥಾನ್ ಬೇಕೇ ಬೇಕು, ಅಲ್ವಾ?

ಒಂದು ಪ್ಯಾಕೇಜ್ ಯಾಕೆ ಬಂತು ಎಂಬುದಷ್ಟೇ ಅನುಮಾನವಾದರೆ ಆಪ್ಟಿಟ್ಯೂಡ್ ಎಂಬ ಸಲಕರಣೆ ಹಾಕಿಕೊಂಡು ಅದರ ವೈ ಆದೇಶ ಕೇಳಿ. ಇದಕ್ಕೆ ಇದು, ಅದಕ್ಕೆ ಅದು ಎಂದು ಸರಪಳಿ ಹೇಳುತ್ತದೆ. ತೆಗೆಯುವ ಮುಂಚೆ ಆಪ್ಟ್‌ನ ತೆಗೆಯುವ ಆದೇಶಕ್ಕೆ ಹೈಫನ್ ಎಸ್ (-s) ಸೇರಿಸಿ ನೋಡಿ; ಏನೇನು ಹೋಗುತ್ತದೆ ಎಂದು ಹೇಳುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಬೇರೆ ಲಿನಕ್ಸ್‌ಗಳಲ್ಲಿ, ಆರ್ಚ್ ಬಳಸುವವರಿಗೆ ಪ್ಯಾಕ್‌ಟ್ರೀ ಇದೆ, ಫೆಡೋರಾದವರಿಗೆ ಡಿಎನ್‌ಎಫ್‌ನ ರೆಪೋಕ್ವೆರಿ.

ಉಬುಂಟುವಿನ ಈ ಸಲಕರಣೆಗಳೆಲ್ಲ ನೋಡುವುದು ಆಪ್ಟ್ ಹಾಕುವ ಡೆಬ್ ಪ್ಯಾಕೇಜ್‌ಗಳನ್ನು ಮಾತ್ರ. ನಿಮ್ಮ 22.04ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಬರುವುದು ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್ ಆಗಿ. ಅದಕ್ಕೆ ಬೇಕಾದ ಹೆಚ್ಚಿನ ಸಾಮಾನು ಅದರ ಗಂಟಿನೊಳಗೇ ಇರುತ್ತದೆ, ಡೆಬ್‌ಟ್ರೀಗೆ ಕಾಣುವುದಿಲ್ಲ. ಜಾಗ ತಿನ್ನುವುದರಲ್ಲಿ ಸ್ನ್ಯಾಪ್‌ಗಳೂ ಹಿಂದೆ ಬಿದ್ದಿಲ್ಲ. ಹೊಸ ಆವೃತ್ತಿ ಬಂದ ಮೇಲೂ ಹಳೆಯದನ್ನು ಇಟ್ಟುಕೊಂಡಿರುತ್ತವೆ.

ಹಾಗಾಗಿ ಪೈಥಾನ್ ಬಿಟ್ಟುಬಿಡಿ. ಆಪ್ಟ್ ಕ್ಲೀನ್ ಕೊಟ್ಟರೆ ಇಳಿಸಿಕೊಂಡು ಇಟ್ಟಿರುವ ಡೆಬ್ ಫೈಲುಗಳು ಹೋಗುತ್ತವೆ. ಆಮೇಲೆ ಆಪ್ಟ್ ಆಟೋರಿಮೂವ್ ಕೊಡಿ, ಈಗ ಯಾವುದಕ್ಕೂ ಬೇಡವಾದ ಪ್ಯಾಕೇಜ್‌ಗಳನ್ನು ಅದು ತೆಗೆಯುತ್ತದೆ. ಹಳೆಯ ಕರ್ನಲ್‌ಗಳು (ಸಿಸ್ಟಮ್‌ನ ತಿರುಳು ಭಾಗದ ಹಿಂದಿನ ಆವೃತ್ತಿಗಳು) ಉಳಿದುಕೊಂಡಿದ್ದರೆ ಹೋಗುವುದು ಅಲ್ಲೇ. ಅದೂ ಪಟ್ಟಿ ತೋರಿಸಿಯೇ ಕೇಳುತ್ತದೆ. ಓದಿಕೊಂಡು ಹೂಂ ಅನ್ನಿ.