ಮರಗಳ ಹಳೆಯ ಸಚಿತ್ರ ಗ್ರಂಥಗಳು: ಕೊಳ್ಳುವ ಮುನ್ನ, ಮಾರುವ ಮುನ್ನ

ಪ್ರಶ್ನೆ: ಅರಣ್ಯ ಇಲಾಖೆಯಲ್ಲಿದ್ದ ನಮ್ಮ ಅಜ್ಜನ ಟ್ರಂಕಿನಲ್ಲಿ ಬೆಡ್ಡೋಮ್ ಅವರ ‘ಫ್ಲೋರಾ ಸಿಲ್ವಾಟಿಕಾ’ ಗ್ರಂಥದ ಎರಡು ಸಂಪುಟಗಳು ಸಿಕ್ಕಿವೆ. ಬೆನ್ನು ಕಿತ್ತುಹೋಗಿದೆ, ಕೆಲವು ಚಿತ್ರಗಳು ಹೊಲಿಗೆಯಿಂದ ಬಿಟ್ಟುಕೊಂಡಿವೆ. ಇಡೀ ಪುಸ್ತಕಕ್ಕಿಂತ ಚಿತ್ರಗಳನ್ನು ಬಿಡಿಬಿಡಿಯಾಗಿ ಚೌಕಟ್ಟು ಹಾಕಿಸಿ ಮಾರಿದರೆ ಲಾಭ ಹೆಚ್ಚು ಎಂದು ವ್ಯಾಪಾರಿಯೊಬ್ಬರು ಹೇಳುತ್ತಿದ್ದಾರೆ. ಇಂಥ ಪುಸ್ತಕಗಳನ್ನು ಸಂಗ್ರಹಿಸುವ ಆಸೆಯೂ ನನಗಿದೆ. ಏನು ಮಾಡಲಿ? – ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಬಿಚ್ಚಬೇಡಿ. ವ್ಯಾಪಾರಿ ಹೇಳಿದ ಲೆಕ್ಕ ಸುಳ್ಳಲ್ಲದಿರಬಹುದು. ಆದರೆ ಆ ಲೆಕ್ಕವನ್ನು ನಂಬಿದವರಿಂದಲೇ ಜಗತ್ತಿನಾದ್ಯಂತ ಸಸ್ಯಶಾಸ್ತ್ರದ ಹಳೆಯ ಗ್ರಂಥಗಳ ಪೂರ್ಣ ಪ್ರತಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಒಮ್ಮೆ ಚದುರಿದ ಚಿತ್ರಗಳನ್ನು ಮತ್ತೆ ಒಂದೆಡೆ ಸೇರಿಸಲು ಯಾರಿಂದಲೂ ಆಗುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಏನೆಂಬುದನ್ನು ಮೊದಲು ತಿಳಿದುಕೊಳ್ಳಿ. ರಿಚರ್ಡ್ ಹೆನ್ರಿ ಬೆಡ್ಡೋಮ್ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದವರು. 1869ರಿಂದ ಮದ್ರಾಸಿನಲ್ಲಿ ಕಂತು ಕಂತಾಗಿ ಹೊರಬಂದು 1870ರ ದಶಕದ ಮೊದಲರ್ಧದಲ್ಲಿ ಪೂರ್ಣಗೊಂಡ ಈ ಗ್ರಂಥದಲ್ಲಿ ದಕ್ಷಿಣ ಭಾರತ ಮತ್ತು ಸಿಂಹಳದ ಮುಖ್ಯ ಮರಗಳ 330 ಕಲ್ಲಚ್ಚಿನ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ) ಚಿತ್ರಗಳಿವೆ. ಅವುಗಳ ಜೊತೆಗೆ, ಚಿತ್ರವಿಲ್ಲದ ಮರಗಿಡಗಳನ್ನೂ ಒಳಗೊಂಡ ವಿವರಣೆಯ ಭಾಗವೊಂದಿದೆ. ಪಶ್ಚಿಮ ಘಟ್ಟದವರು ಕಿರಾಲುಬೋಗಿ ಎಂದು ಕರೆಯುವ ಹೋಪಿಯಾ ಪಾರ್ವಿಫ್ಲೋರಾದಂಥ ಮರಗಳಿಗೆ ವೈಜ್ಞಾನಿಕ ಹೆಸರು ಕೊಟ್ಟವರು ಇದೇ ಬೆಡ್ಡೋಮ್. ಇಂಥ ಗ್ರಂಥದಲ್ಲಿ ಚಿತ್ರ, ಅದರ ಸಂಖ್ಯೆ, ಎದುರಿನ ವಿವರಣೆ ಮತ್ತು ಪ್ರಕಟಣೆಯ ಕಾಲ ಒಟ್ಟಿಗೆ ಇದ್ದಾಗಲೇ ಅದೊಂದು ದಾಖಲೆಯಾಗುತ್ತದೆ. ಗೋಡೆಯ ಮೇಲೆ ತೂಗಿದ ಬಿಡಿ ಹಾಳೆ ಕಣ್ಣಿಗೆ ಚೆನ್ನಾಗಿ ಕಂಡರೂ ಈ ನಂಟುಗಳನ್ನೆಲ್ಲ ಕಳೆದುಕೊಂಡಿರುತ್ತದೆ.

ಈಗ ನೀವು ಮಾಡಬೇಕಾದ ಕೆಲಸ ಎಣಿಕೆ. ಸಂಗ್ರಹಕಾರರ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಉಚಿತ ಜಾಲತಾಣದಲ್ಲಿ ಇಂಥ ಸಾವಿರಾರು ಗ್ರಂಥಗಳ ಸ್ಕ್ಯಾನ್ ಪ್ರತಿಗಳು ಸಿಗುತ್ತವೆ. ಪರದೆಯ ಮೇಲೆ ಆ ಪ್ರತಿಯನ್ನೂ ಮೇಜಿನ ಮೇಲೆ ನಿಮ್ಮ ಪ್ರತಿಯನ್ನೂ ಇಟ್ಟುಕೊಂಡು, ಶೀರ್ಷಿಕೆ ಪುಟ, ಮುನ್ನುಡಿ, ಸೂಚಿ ಮತ್ತು ಪ್ರತಿಯೊಂದು ಚಿತ್ರದ ಸಂಖ್ಯೆಯನ್ನು ಒಂದೊಂದಾಗಿ ಹೋಲಿಸಿ, ಇಲ್ಲದವುಗಳನ್ನು ಬರೆದಿಟ್ಟುಕೊಳ್ಳಿ. ಕಂತುಗಳಲ್ಲಿ ಬಂದ ಗ್ರಂಥಗಳನ್ನು ಕೊಂಡವರು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ರಟ್ಟು ಕಟ್ಟಿಸಿಕೊಳ್ಳುತ್ತಿದ್ದುದರಿಂದ ಒಂದು ಪ್ರತಿಯ ಜೋಡಣೆ ಇನ್ನೊಂದರಂತೆ ಇರುವುದಿಲ್ಲ. ಆದ್ದರಿಂದ ಪುಟಗಳ ಕ್ರಮ ಬೇರೆಯಾಗಿದೆ ಎಂಬ ಕಾರಣಕ್ಕೆ ಗಾಬರಿಯಾಗಬೇಕಿಲ್ಲ, ಸಂಖ್ಯೆ ತಪ್ಪಿದೆಯೇ ಎಂಬುದನ್ನಷ್ಟೇ ನೋಡಿ. ಸಡಿಲವಾದ ಹಾಳೆಗಳನ್ನು ಅವುಗಳ ಜಾಗದಲ್ಲೇ ಇಟ್ಟು, ಸಂಪುಟವನ್ನು ಅಗಲವಾದ ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ. ಅಜ್ಜನ ಸಹಿ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಕನ್ನಡದ ಮರದ ಹೆಸರು, ಕಚೇರಿಯ ಮೊಹರು ಇದ್ದರೆ ಅಳಿಸಬೇಡಿ. ಕಾಡಿನಲ್ಲಿ ಓಡಾಡಿದವರ ಅಂಥ ಟಿಪ್ಪಣಿಗಳಿರುವ ಪ್ರತಿಯನ್ನು ನಾನು ಹೊಚ್ಚ ಹೊಸದರಂತಿರುವ ಪ್ರತಿಗಿಂತ ಮೇಲೆಂದು ಎಣಿಸುತ್ತೇನೆ. ಆದರೆ ಮೊಹರು ಇಲಾಖೆಯ ಗ್ರಂಥಾಲಯದ್ದಾಗಿದ್ದರೆ, ಪುಸ್ತಕವನ್ನು ಅಲ್ಲಿಂದ ವಿಲೇವಾರಿ ಮಾಡಲಾಗಿತ್ತೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮಾರುವ ಮಾತೆತ್ತಬಾರದು.

ಸಂಗ್ರಹವನ್ನು ಬೆಳೆಸುವುದಾದರೆ ನಿಮ್ಮ ಜಿಲ್ಲೆಯಿಂದಲೇ ಆರಂಭಿಸಿ. ಉತ್ತರ ಕನ್ನಡವು 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ನಿಮ್ಮ ಕಾಡುಗಳ ಮರಗಳನ್ನು ಹುಡುಕುವವರು ಬೆಡ್ಡೋಮ್ ಜೊತೆಗೆ, ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯು. ಎ. ಟಾಲ್ಬಟ್ ಅವರ ಮುಂಬೈ ಪ್ರಾಂತ್ಯ ಮತ್ತು ಸಿಂಧ್‌ನ ‘ಫಾರೆಸ್ಟ್ ಫ್ಲೋರಾ’ವನ್ನೂ (ಎರಡು ಸಂಪುಟ, 1909–1911) ನೋಡಬೇಕಾಗುತ್ತದೆ. ಇವೆರಡೂ ದೊರೆತ ಮೇಲೆ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರ ಭಾರತೀಯ ಸಸ್ಯಗಳ ಚಿತ್ರಗ್ರಂಥ ‘ಐಕೋನ್ಸ್’ನ (1838–1853) ಬಿಡಿ ಸಂಪುಟಗಳತ್ತ ಗಮನ ಕೊಡಬಹುದು. ಆರು ಸಂಪುಟಗಳಲ್ಲಿ ಹರಡಿರುವ 2101 ಚಿತ್ರಗಳ ಆ ಮಹಾಗ್ರಂಥಕ್ಕಾಗಿ ಚಿತ್ರ ಬರೆದವರು ರಂಗಯ್ಯ ಮತ್ತು ಗೋವಿಂದು ಎಂಬ ದಕ್ಷಿಣ ಭಾರತದ ಕಲಾವಿದರು. ಗೋವಿಂದು ಅವರ ಹೆಸರನ್ನು ವೈಟ್ ಒಂದು ಆರ್ಕಿಡ್ ಕುಲಕ್ಕೇ ಇಟ್ಟಿದ್ದರು. ಬೆಡ್ಡೋಮ್ ಅವರ ಗ್ರಂಥಕ್ಕೂ ಕೆಲಸ ಮಾಡಿದವರು ಇದೇ ಗೋವಿಂದು. ಚಿತ್ರದ ಕೆಳ ಅಂಚಿನಲ್ಲಿ ಕಲಾವಿದರ ಹೆಸರು ಸಣ್ಣಕ್ಷರದಲ್ಲಿ ಅಚ್ಚಾಗಿದೆಯೇ ಎಂದು ಹುಡುಕಿ ನೋಡಿ. ಚೌಕಟ್ಟು ಹಾಕುವವರು ಮೊದಲು ಕತ್ತರಿಸುವುದು ಆ ಅಂಚನ್ನೇ.

ಪ್ರಶ್ನೆ: ರಾಕ್ಸ್‌ಬರ್ಗ್ ಅವರ ಗ್ರಂಥದ ‘ಮೂಲ ಕೈಬಣ್ಣದ’ ಹಾಳೆಗಳು ಎಂದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಿಜವೋ ನಕಲೋ ತಿಳಿಯುವುದು ಹೇಗೆ? – ಓದುಗರೊಬ್ಬರು, ಧಾರವಾಡ

ಉತ್ತರ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಸಾಕು. ವಿಲಿಯಂ ರಾಕ್ಸ್‌ಬರ್ಗ್ ಅವರ ಕೋರಮಂಡಲ ತೀರದ ಸಸ್ಯಗಳ ಗ್ರಂಥ (ಮೂರು ಸಂಪುಟ, 300 ಚಿತ್ರ) 1795ರಿಂದ ಸುಮಾರು ಕಾಲು ಶತಮಾನದ ಅವಧಿಯಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಭಾರತದ ಕಲಾವಿದರು ಬರೆದ ಚಿತ್ರಗಳನ್ನು ಅಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚು ಹಾಕಿ, ಬಳಿಕ ಕುಂಚದಿಂದ ಬಣ್ಣ ತುಂಬಿದರು. ತಾಮ್ರದ ತಗಡು ಒತ್ತಿದ ಜಾಗ ಚಿತ್ರದ ಸುತ್ತ ಆಯತಾಕಾರದ ತಗ್ಗಾಗಿ ಉಳಿಯುತ್ತದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಅಂಚು ಕತ್ತರಿಸಿಲ್ಲದಿದ್ದಲ್ಲಿ, ಅದು ಕಾಣುತ್ತದೆ. ಕಲ್ಲಚ್ಚಿನಲ್ಲಿ ಇಂಥ ತಗ್ಗು ಇರುವುದಿಲ್ಲ, ಆದ್ದರಿಂದ ಬೆಡ್ಡೋಮ್ ಚಿತ್ರಗಳಲ್ಲಿ ಇದನ್ನು ಹುಡುಕಬೇಡಿ. ಭೂತಗನ್ನಡಿಯಡಿ ಬಣ್ಣದ ಜಾಗದಲ್ಲಿ ಸಾಲು ಸಾಲಾದ ಸಣ್ಣ ಚುಕ್ಕಿಗಳು ಕಂಡರೆ ಅದು ಆಧುನಿಕ ಮುದ್ರಣ. ಕೈಬಣ್ಣವಾದರೆ ತೆಳುನೀರಿನಂತೆ ಹರಡಿರುತ್ತದೆ, ಅಲ್ಲಲ್ಲಿ ಗೆರೆಯಾಚೆಗೂ ತುಸು ಚಾಚಿರುತ್ತದೆ.

ಇನ್ನು ಬಣ್ಣ ಹಳೆಯದೇ ಎಂಬ ಪ್ರಶ್ನೆ. ಬಣ್ಣವಿಲ್ಲದ ಹಳೆಯ ಹಾಳೆಗೆ ಇತ್ತೀಚೆಗೆ ಬಣ್ಣ ತುಂಬಿ ಬೆಲೆ ಏರಿಸುವುದುಂಟು. ಹಾಳೆಯ ಹಿಂಬದಿಯನ್ನು ನೋಡಿ. ಹಿಂದಿನವರು ಬಳಸುತ್ತಿದ್ದ ಕೆಲವು ತಾಮ್ರಯುಕ್ತ ಹಸಿರು ಬಣ್ಣಗಳು ಕಾಲಾಂತರದಲ್ಲಿ ಕಾಗದವನ್ನು ಸುಡುತ್ತಾ ಹೋಗುವುದರಿಂದ, ಮುಂಬದಿಯ ಎಲೆಯ ಆಕಾರವೇ ಹಿಂಬದಿಯಲ್ಲಿ ಕಂದು ನೆರಳಾಗಿ ಮೂಡಿರುತ್ತದೆ. ಹೊಸದಾಗಿ ಬಳಿದ ಹಸಿರಿಗೆ ಆ ಗುರುತು ಇರುವುದಿಲ್ಲ. ಎಲ್ಲ ಹಳೆಯ ಹಾಳೆಗಳಲ್ಲೂ ಈ ನೆರಳು ಇರಲೇಬೇಕೆಂದಿಲ್ಲ, ಇದ್ದರೆ ಅದು ಒಳ್ಳೆಯ ಸಾಕ್ಷಿ. 19ನೇ ಶತಮಾನದ ಕೆಲವು ಹಸಿರುಗಳಲ್ಲಿ ಆರ್ಸೆನಿಕ್ ಇರುತ್ತಿತ್ತು. ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚಬೇಡಿ, ನೋಡಿದ ಬಳಿಕ ಕೈ ತೊಳೆಯಿರಿ.

ಶೀರ್ಷಿಕೆ ಪುಟದ ಇಸವಿಯೊಂದನ್ನೇ ನಂಬುವುದು ಸರಿಯಲ್ಲ. ಫೋಟೊ ತೆಗೆದು ಮಾಡಿದ ಮರುಮುದ್ರಣಗಳಲ್ಲಿ ಹಳೆಯ ಇಸವಿಯೂ ಹಾಗೆಯೇ ಅಚ್ಚಾಗಿರುತ್ತದೆ. ಭಾರತದ ಅರಣ್ಯ ಗ್ರಂಥಗಳಿಗೆ 20ನೇ ಶತಮಾನದಲ್ಲಿ ಇಂಥ ಮರುಮುದ್ರಣಗಳು ಬಂದಿವೆ. ಓದಿಗೆ ಅವು ಬಹಳ ಉಪಯುಕ್ತ, ಆದರೆ ಅವನ್ನು ಮೂಲ ಪ್ರತಿಯ ಬೆಲೆಗೆ ಕೊಳ್ಳಬಾರದು.

ಪ್ರಶ್ನೆ: ಮಡಿಕೇರಿಯ ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ನುಸಿಗುಳಿಗೆ ಹಾಕಿ ಕಟ್ಟಿಡಬಹುದೇ? – ಓದುಗರೊಬ್ಬರು, ಕೊಡಗು

ಉತ್ತರ: ಬೇಡ. ತೇವವಿರುವ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತೇವ ಒಳಗೇ ಉಳಿದು ಬೂಷ್ಟು ಹೆಚ್ಚುತ್ತದೆ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ, ಅದರ ಹೊಗೆ ನಿಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ. ಕಪಾಟನ್ನು ಹೊರಗೋಡೆಗೆ ತಾಗಿಸದೆ, ಹಿಂದೆ ಗಾಳಿಯಾಡುವಂತೆ ಇಡಿ. ಒಂದು ಅಗ್ಗದ ತೇವಮಾಪಕ ತಂದು ಪುಸ್ತಕಗಳ ನಡುವೆ ಇಟ್ಟು, ಸಾಪೇಕ್ಷ ಆರ್ದ್ರತೆ ಶೇ 65ನ್ನು ದಾಟದಂತೆ ನೋಡಿಕೊಳ್ಳಿ. ಆಷಾಢದಲ್ಲಿ ಅದಕ್ಕೆ ತೇವ ಹೀರುವ ಯಂತ್ರವೇ ಬೇಕಾಗಬಹುದು. ಬೂಷ್ಟು ಹಿಡಿದ ಸಂಪುಟವನ್ನು ಉಳಿದವುಗಳಿಂದ ಬೇರ್ಪಡಿಸಿ, ಬಿಸಿಲು ತಾಗದ ಗಾಳಿಯಲ್ಲಿ ಒಣಗಿಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೃದುವಾದ ಕುಂಚದಿಂದ ಒರೆಸಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಲೇಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಗೋಧಿಪಿಷ್ಟದ ಅಂಟು ಮತ್ತು ತೆಳುವಾದ ಜಪಾನಿ ಕಾಗದದಿಂದ ಮಾಡಿದ ದುರಸ್ತಿಯನ್ನು ಮುಂದೆ ಬೇಕೆಂದಾಗ ನೀರಿನಿಂದ ಬಿಡಿಸಬಹುದು. ಆದರೆ ಕೈಬಣ್ಣದ ಚಿತ್ರಗಳಿಗೆ ನೀರು ತಾಗಿದರೆ ಬಣ್ಣ ಹರಡುವ ಅಪಾಯವಿರುವುದರಿಂದ ಆ ಕೆಲಸವನ್ನು ಮನೆಯಲ್ಲಿ ಪ್ರಯತ್ನಿಸದೆ, ಬೆಂಗಳೂರಿನ ಇಂಟ್ಯಾಕ್ ಕಲಾಸಂರಕ್ಷಣಾ ಕೇಂದ್ರದಂಥ ಕಡೆ ಪರಿಣತರಿಗೆ ತೋರಿಸಿ.