‘ಎಲ್ಲಿಗೆ ಹಾಕಿದ್ರೂ ಸರಿ ಸರ್’ ಅನ್ನಬೇಡ

ನಿನ್ನ ಮೆಸೇಜ್ ಓದಿದೆ ತಮ್ಮಾ. ಪೈಲಟ್ ಲೈಸೆನ್ಸನ್ನು ಕೆನಡಾದ ಲೈಸೆನ್ಸಾಗಿ ಬದಲಾಯಿಸಿಕೊಂಡದ್ದು ಮುಗಿದಿದೆ, ಪಿಆರ್ (ಇಲ್ಲಿ ಕಾಯಂ ಇರುವ ಅನುಮತಿ) ಕೈಯಲ್ಲಿದೆ, ಹೆಂಡತಿಯೂ ಬ್ರಾಂಪ್ಟನ್‌ಗೆ ಬಂದಾಗಿದೆ, ಈಗ ಉತ್ತರ ಒಂಟಾರಿಯೊದ ಸಣ್ಣ ಏರ್‌ಲೈನ್ ಒಂದು ಇಂಟರ್‌ವ್ಯೂಗೆ ಕರೆದಿದೆ. ಯಾವ ಬೇಸ್ (ಯಾವ ಊರಿಂದ ಹಾರುವುದು) ಬೇಕು, ರ‍್ಯಾಂಪ್ ಕೆಲಸ, ಅಂದರೆ ನೆಲದ ಮೇಲೆ ವಿಮಾನ ಸಿದ್ಧ ಮಾಡಿ ಸಾಮಾನು ತುಂಬುವ ಕೆಲಸ ಮಾಡುತ್ತೀಯಾ, ಆ ಊರಲ್ಲೇ ಇರುತ್ತೀಯಾ ಇಲ್ಲ ಕೆಲವು ವಾರ ಕೆಲಸ ಕೆಲವು ವಾರ ರಜೆಯ ರೊಟೇಷನ್ನಾ, ಎಷ್ಟು ವರ್ಷ ಇರುತ್ತೀಯಾ ಅಂತ ಫಾರಂನಲ್ಲಿ ಕೇಳಿದ್ದಾರೆ. ಎಲ್ಲದಕ್ಕೂ ‘ಯಾವುದಾದ್ರೂ ಸರಿ’ ಅಂತ ತುಂಬಿಬಿಡಲಾ ಅಂತ ನಿನ್ನ ಪ್ರಶ್ನೆ.

ಬೇಡ ಮಾರಾಯ.

ನಮ್ಮ ಕಡೆ ಕೆಲಸ ಕೇಳೋಕೆ ಹೋದವನು ‘ನನಗೆ ಇದೇ ಬೇಕು’ ಅಂದರೆ ಕೊಬ್ಬು ಅಂದುಕೊಳ್ಳುತ್ತಾರೆ. ಇಲ್ಲಿ ನಾನು ಮೇಜಿನ ಆ ಕಡೆಯೂ ಕೂತಿದ್ದೇನೆ. ಎಲ್ಲದಕ್ಕೂ ಹೂಂ ಅನ್ನುವವನನ್ನು ನೋಡಿದರೆ ಚೀಫ್ ಪೈಲಟ್‌ಗೆ ಮೊದಲು ಅನ್ನಿಸುವುದು, ಇವನು ಉತ್ತರ ಒಂಟಾರಿಯೊದ ಸಣ್ಣ ಊರು ಸೂ ಲುಕೌಟ್ ಎಲ್ಲಿದೆ ಅಂತ ಮ್ಯಾಪಲ್ಲೂ ನೋಡಿಲ್ಲ ಅಂತ. ಆಮೇಲೆ ಬರುವ ಅನುಮಾನ ಇನ್ನೂ ದೊಡ್ಡದು: ಕ್ಯಾಪ್ಟನ್ ತಪ್ಪು ಮಾಡಿದಾಗಲೂ ಇವನು ‘ನೀವು ಹೇಳಿದ ಹಾಗೆ ಸರ್’ ಅಂತಾನಾ?

ಈ ಭಯ ಸುಮ್ನೆ ಬಂದದ್ದಲ್ಲ. ಸೂ ಲುಕೌಟ್ ಹತ್ತಿರವೇ ಡ್ರೈಡನ್ ಅಂತ ಊರಿದೆ. 1989ರ ಮಾರ್ಚ್ 10ರಂದು ಅಲ್ಲಿಂದ ಹೊರಟ ಏರ್ ಒಂಟಾರಿಯೊದ ಫಾಕರ್ ಎಫ್-28 ಜೆಟ್ ವಿಮಾನ ಮೇಲೇಳಲಾಗದೆ ಕಾಡಿಗೆ ಬಿತ್ತು. 24 ಜನ ಹೋದರು. ರೆಕ್ಕೆ ಮೇಲೆ ಹಿಮ ಇದ್ದದ್ದು ಕ್ಯಾಬಿನ್‌ನಲ್ಲಿದ್ದವರಿಗೆ ಕಾಣುತ್ತಿತ್ತು, ಅವರಲ್ಲಿ ಪ್ರಯಾಣಿಕರಾಗಿ ಕೂತಿದ್ದ ಪೈಲಟ್‌ಗಳೂ ಇದ್ದರು. ಕಾಕ್‌ಪಿಟ್‌ಗೆ ಮಾತ್ರ ಯಾರೂ ಹೇಳಲಿಲ್ಲ. ಹಾಗಾಗಿ ‘ಥಂಡರ್ ಬೇ ಬೇಕಾ, ಸೂ ಲುಕೌಟಾ?’ ಅಂತ ಕೇಳಿದಾಗ ಊರಿನ ಹೆಸರಿನ ಜೊತೆಗೆ, ಮನಸ್ಸಲ್ಲಿರುವುದನ್ನು ಬಾಯಿ ಬಿಟ್ಟು ಹೇಳುತ್ತೀಯಾ ಅನ್ನುವುದನ್ನೂ ನೋಡುತ್ತಾರೆ.

ಬೇಸ್ ವಿಷಯಕ್ಕೆ ಬಾ. ಥಂಡರ್ ಬೇ ಅಂದರೆ ಲಕ್ಷ ಜನರ ಊರು, ಯೂನಿವರ್ಸಿಟಿ ಇದೆ, ದೊಡ್ಡ ಆಸ್ಪತ್ರೆ ಇದೆ, ನಿನ್ನ ಹೆಂಡತಿಗೂ ಕೆಲಸ ಹುಡುಕಬಹುದು. ಸೂ ಲುಕೌಟ್‌ನಲ್ಲಿ ಐದಾರು ಸಾವಿರ ಜನ. ಆದರೆ ರಸ್ತೆಯೇ ಇಲ್ಲದ ಉತ್ತರದ ಊರುಗಳಿಗೆ ವಿಮಾನ ಹೋಗುವುದು ಅಲ್ಲಿಂದ, ಹಾರಾಟದ ಗಂಟೆ ಚೆನ್ನಾಗಿ ಸಿಗುತ್ತದೆ. ‘ಥಂಡರ್ ಬೇ ಮೊದಲು, ಹೆಂಡತಿಯ ಕೆಲಸದ ಕಾರಣಕ್ಕೆ. ಸೂ ಲುಕೌಟ್ ಆದರೆ ಎರಡು ವಾರ ಕೆಲಸ ಎರಡು ವಾರ ರಜೆ ಇದ್ದರೆ ಬರುತ್ತೇನೆ’ ಅಂತ ಹೇಳು, ನಿನ್ನ ಮನಸ್ಸಲ್ಲಿ ಇರುವುದು ಅದೇ ಆದರೆ. ಹಿಂಗೆ ಹೇಳಿದವನನ್ನು ಯಾರೂ ಕೊಬ್ಬಿನವನು ಅನ್ನಲ್ಲ, ಮನೆಯಲ್ಲಿ ಕೂತು ಮಾತಾಡಿಕೊಂಡೇ ಬಂದಿದ್ದಾನೆ ಅಂದುಕೊಳ್ಳುತ್ತಾರೆ.

ರ‍್ಯಾಂಪ್‌ಗೆ ಹೂಂ ಅನ್ನುವ ಮೊದಲು ಅದು ಏನಂತ ತಿಳಿದುಕೋ. ಮೈನಸ್ ಮೂವತ್ತೈದರ ಬೆಳಗಿನ ಕತ್ತಲಲ್ಲಿ ಪಿಲಾಟಸ್ ಪಿಸಿ-12 ಅನ್ನುವ ಸಣ್ಣ ವಿಮಾನದ ರೆಕ್ಕೆ ಕವರ್ ಬಿಚ್ಚಬೇಕು. ಕವರ್ ಹಲಗೆಯ ಹಾಗೆ ಸೆಟೆದಿರುತ್ತದೆ, ದಪ್ಪ ಗ್ಲೋವ್ಸ್‌ನಲ್ಲಿ ಕ್ಲಿಪ್ ಬಿಚ್ಚೋಕಾಗಲ್ಲ, ಗ್ಲೋವ್ಸ್ ತೆಗೆದರೆ ಬೆರಳು ನಿನ್ನದಲ್ಲ. ಆಮೇಲೆ ಕೋಲಾ ಕೇಸು, ಡೈಪರ್ ಪೆಟ್ಟಿಗೆ, ನಾಯಿ ಊಟದ ಮೂಟೆ ಎಲ್ಲ ತುಂಬಬೇಕು. ಕೈಯಲ್ಲಿ ಲೈಸೆನ್ಸ್ ಇಟ್ಟುಕೊಂಡು ತಿಂಗಳುಗಟ್ಟಲೆ ಇದನ್ನೇ ಮಾಡಿದವರು ಬೇಕಾದಷ್ಟು ಜನ. ಆಗಲ್ಲ ಅಂದರೆ ಅಲ್ಲೇ ಆಗಲ್ಲ ಅನ್ನು. ಜನವರಿಯಲ್ಲಿ ಬಿಟ್ಟು ಓಡಿದವನ ಸುದ್ದಿ ಮುಂದಿನ ಕಂಪನಿಗೆ ಅವನಿಗಿಂತ ಮುಂಚೆ ತಲುಪಿರುತ್ತದೆ. ಉತ್ತರದಲ್ಲಿ ಚೀಫ್ ಪೈಲಟ್‌ಗಳೆಲ್ಲ ಪರಸ್ಪರ ಗೊತ್ತಿರುವವರೇ.

ಎಷ್ಟು ವರ್ಷ ಅನ್ನುವುದಕ್ಕೆ ‘ಕೊನೇವರೆಗೂ’ ಅಂತ ಮಾತ್ರ ಹೇಳಬೇಡ, ನಗುತ್ತಾರೆ. ಎಟಿಪಿಎಲ್‌ಗೆ (ಪೈಲಟ್‌ಗಳ ಅತಿ ಮೇಲಿನ ಲೈಸೆನ್ಸ್) ಇಲ್ಲಿ 1500 ಗಂಟೆ ಹಾರಾಟ ಬೇಕು, ಅದಾದ ಮೇಲೆ ಹುಡುಗರು ಜೆಟ್ ಕಡೆ ಮುಖ ಮಾಡುತ್ತಾರೆ ಅಂತ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ‘ಜೆಟ್ ಆಸೆ ಇದೆ, ಅದಕ್ಕಿಂತ ಮುಂಚೆ ಇಲ್ಲಿ ಕ್ಯಾಪ್ಟನ್ ಆಗಿ ಒಂದಷ್ಟು ಕಾಲ ಹಾರಬೇಕು’ ಅನ್ನು, ಆದರೆ ಅದು ನಿಜವಾಗಿದ್ದರೆ ಮಾತ್ರ.

ಕೇಳದೇ ಇದ್ದದ್ದನ್ನೆಲ್ಲ ಹೇಳಬೇಕಾಗಿಲ್ಲ, ಅದು ಬೇರೆ ವಿಷಯ. ಬ್ರಾಂಪ್ಟನ್ ಬಾಡಿಗೆ, ಊರಿನ ಸಾಲ, ಇವೆಲ್ಲ ಅವರಿಗೆ ಯಾಕೆ? ಮುಂದೆ ದೊಡ್ಡ ಏರ್‌ಲೈನ್‌ಗೆ ಹೋದಾಗ ಈ ತಲೆನೋವು ಇಷ್ಟು ಇರಲ್ಲ ಬಿಡು, ಅಲ್ಲಿ ಬೇಸ್, ವಿಮಾನ, ಡ್ಯೂಟಿ ಎಲ್ಲ ಸೀನಿಯಾರಿಟಿ ಪ್ರಕಾರ ಹಂಚಿಕೆ. ಸಣ್ಣ ಕಂಪನಿಯಲ್ಲಿ ಮಾತ್ರ ನೀನು ಆಡಿದ ಮಾತಿನ ಮೇಲೇ ನಿನ್ನನ್ನು ಎಲ್ಲಿಗೋ ಕಳಿಸುತ್ತಾರೆ.

ಟ್ರೇನಿಂಗ್ ಬಾಂಡ್ (ಬೇಗ ಬಿಟ್ಟು ಹೋದರೆ ಟ್ರೇನಿಂಗ್ ಖರ್ಚು ವಾಪಸ್ ಕೊಡಬೇಕು ಅನ್ನುವ ಒಪ್ಪಂದ) ಕೊಟ್ಟರೆ ಸಹಿ ಹಾಕುವ ಮುಂಚೆ ಬೇಸ್ ಬದಲಾಯಿಸುವ ಬಗ್ಗೆ ಅದರಲ್ಲಿ ಏನಿದೆ ಅಂತ ಓದು. ಅರ್ಥ ಆಗದಿದ್ದರೆ ನನಗೆ ಕಳಿಸು, ಭಾನುವಾರ ಸಂಜೆ ಫ್ರೀ ಇರುತ್ತೇನೆ.