ಪೊಲೀಸರು ಬೇಡ, ಮಧುಚಂದ್ರದ ಸಾರೋಟು ಬೇಕು

ನಮಸ್ಕಾರ.

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹ್ಯಾಲಿಫ್ಯಾಕ್ಸ್‌ನಲ್ಲಿ ಬದುಕಿದ್ದ, ಹೆಂಗಸರನ್ನು ಪ್ರೀತಿಸಿ ಅದನ್ನು ದಿನಚರಿಯಲ್ಲಿ ಬರೆದಿಟ್ಟ ಆ್ಯನ್ ಲಿಸ್ಟರ್ ಮತ್ತು ಆಕೆಯ ಗೆಳತಿಯರ ಕುರಿತ ನಿಮ್ಮ ಕಥೆ ತಲುಪಿತು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಾಗುತ್ತಿಲ್ಲ.

ನಿಮ್ಮ ಕಥೆಯ ಕೊನೆಯಲ್ಲಿ ಲಿಸ್ಟರ್ ಮತ್ತು ಆಕೆಯ ಸಂಗಾತಿ ಆ್ಯನ್ ವಾಕರ್ ಇಬ್ಬರನ್ನೂ ಪೊಲೀಸರು ಎಳೆದೊಯ್ಯುತ್ತಾರೆ. ಯಾವ ಕಾನೂನಿನಡಿ? ಗಂಡಸರ ಸಲಿಂಗ ಸಂಬಂಧಕ್ಕೆ ಆಗಿನ ಇಂಗ್ಲೆಂಡಿನಲ್ಲಿ ಮರಣದಂಡನೆ ಇತ್ತು; 1835ರಲ್ಲಿ ಲಂಡನ್ನಿನಲ್ಲಿ ಇಬ್ಬರನ್ನು ಗಲ್ಲಿಗೇರಿಸಿದರು. ಹೆಂಗಸರ ಬಗ್ಗೆ ಕಾನೂನು ತುಟಿಯನ್ನೇ ಬಿಚ್ಚಿರಲಿಲ್ಲ. ಗೆಳತಿಯರು ಒಂದೇ ಹಾಸಿಗೆಯಲ್ಲಿ ಮಲಗಿದರೆ, ಕಾಗದದ ತುಂಬ ಮುತ್ತುಗಳನ್ನು ಕಳುಹಿಸಿದರೆ ಮನೆಯವರಿಗೆ ಅದೊಂದು ವಿಶೇಷವೇ ಆಗಿರಲಿಲ್ಲ.

1816ರಲ್ಲಿ ಲಿಸ್ಟರ್‌ಳ ಪ್ರಿಯತಮೆ ಮರಿಯಾನಾ, ಚಾರ್ಲ್ಸ್ ಲಾಟನ್ ಎಂಬ ಹಣವಂತನನ್ನು ಮದುವೆಯಾದಳು. ಮಧುಚಂದ್ರಕ್ಕೆ ಹೊರಟ ದಂಪತಿಯ ಜೊತೆ ಮದುಮಗಳ ಸೋದರಿಯೂ ಲಿಸ್ಟರ್‌ಳೂ ಹೋದರು. ಹಾಗೆ ಜೊತೆಗೆ ಹೋಗುವುದು ಆ ಕಾಲದ ರೂಢಿ. ಇದನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ! ಕಥೆ ಇರುವುದೇ ಅಲ್ಲಿ. ಸ್ನೇಹವೆಂಬ ಹೆಸರು ಅವರಿಗೆ ಆಸರೆಯಾಗಿತ್ತು. ಆದರೆ ಅದೇ ಹೆಸರು ಲಿಸ್ಟರ್‌ಳ ಅಳುವ ಹಕ್ಕನ್ನೂ ಕಿತ್ತುಕೊಂಡಿತು. ಗೆಳತಿಯ ಮದುವೆಯಾದರೆ ಸಂತೋಷಪಡಬೇಕಲ್ಲವೇ? ಆ ಪ್ರಯಾಣದ ಒಂದು ಇಡೀ ಹಗಲನ್ನು ಬರೆಯಿರಿ. ಲಾಟನ್ ಏನು ಮಾತಾಡುತ್ತಾನೆ, ಇವಳು ಏನು ಉತ್ತರಿಸುತ್ತಾಳೆ, ಸಂಜೆ ಯಾರ ಕೋಣೆಯ ಬಾಗಿಲು ಮುಚ್ಚುತ್ತದೆ.

ಇನ್ನು ದಿನಚರಿ. ಲಿಸ್ಟರ್ ಅದರ ಸುಮಾರು ಆರನೆಯ ಒಂದು ಪಾಲನ್ನು ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆ ಬೆರೆಸಿದ ಗುಪ್ತಲಿಪಿಯಲ್ಲಿ ಬರೆದಳು. ನಿಮ್ಮ ನಾಯಕಿ ಅಲ್ಲಿ ಬರೀ ಕಣ್ಣೀರಿಡುತ್ತಾಳೆ. ನಿಜವಾದವಳು ರಾತ್ರಿಯ ಸುಖವನ್ನು ಗುರುತು ಹಾಕಿಟ್ಟಳು, ದುಡ್ಡಿನ ಚಿಂತೆ ಬರೆದಳು, ತನ್ನ ಹಳೆಯ ಉಡುಪಿನ ಬಗ್ಗೆ ನಾಚಿದಳು. ಶ್ರೀಮಂತೆ ವಾಕರ್‌ಳನ್ನು ಬಯಸಿದಾಗ ಅವಳ ಆಸ್ತಿಯನ್ನೂ ಬಯಸಿದಳು. ಓದುಗರಿಗೆ ಮುಜುಗರವಾದೀತೆಂದು ನೀವು ಹೂವು, ದುಂಬಿಗಳ ಮೊರೆ ಹೋಗಿದ್ದೀರಿ. ದಯವಿಟ್ಟು ಬೇಡ. ಸುಖವನ್ನು ಸುಖವೆಂದೇ, ಲೋಭವನ್ನು ಲೋಭವೆಂದೇ ಬರೆಯಿರಿ. ನಮ್ಮ ಓದುಗರು ಓದುತ್ತಾರೆ.

ನನಗೆ ನಿಜಕ್ಕೂ ನೋವಾದದ್ದು ಎಲೈಜಾ ರೇನ್ ಎಲ್ಲೂ ಕಾಣದಿದ್ದಾಗ. ಮದರಾಸಿನಲ್ಲಿ ಹುಟ್ಟಿದವಳು, ತಂದೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ತಾಯಿ ಭಾರತೀಯಳು. ಯಾರ್ಕ್‌ನ ಶಾಲೆಯ ಅಟ್ಟದ ಕೋಣೆಯಲ್ಲಿ ಲಿಸ್ಟರ್ ಜೊತೆಗಿದ್ದವಳು. ಆ ಗುಪ್ತಲಿಪಿ ಮೊಳೆತದ್ದು ಇವರಿಬ್ಬರ ನಡುವೆ. ಲಿಸ್ಟರ್ ಬೇರೆಯವರತ್ತ ಹೊರಳಿದ ಮೇಲೆ, 1814ರಲ್ಲಿ ಎಲೈಜಾ ಹುಚ್ಚಾಸ್ಪತ್ರೆ ಸೇರಿದಳು. ಮರಿಯಾನಾಳ ಮದುವೆಗೆ ಎರಡು ವರ್ಷ ಮೊದಲು! ಸಾರೋಟಿನಲ್ಲಿ ಕೂತ ಲಿಸ್ಟರ್‌ಳಿಗೆ ಅವಳ ನೆನಪು ಬರುತ್ತದೆಯೋ ಇಲ್ಲವೋ, ಅದನ್ನು ನೀವೇ ನಿರ್ಧರಿಸಬೇಕು.

ಪೊಲೀಸರ ಎರಡು ಪುಟ ಕಿತ್ತುಹಾಕಿ. ದೀಪಾವಳಿ ವಿಶೇಷಾಂಕಕ್ಕೆ ಮೊದಲೇ ಕಳುಹಿಸಿದರೆ ಜಾಗ ಕಾದಿರಿಸುತ್ತೇನೆ.

ಇತಿ,
ಸಂಪಾದಕಿ